ನಗಿಸುವ ಹೊಣೆ ಹೊತ್ತವರಿಗೆ

ಪ್ರಶ್ನೆ: ನಮ್ಮ ಬ್ಯಾಂಕ್ ಶಾಖೆಯ ಹೆಡ್ ಕ್ಯಾಷಿಯರ್ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಬೀಳ್ಕೊಡುಗೆಯಲ್ಲಿ ಹತ್ತು ನಿಮಿಷ ಎಲ್ಲರನ್ನೂ ನಗಿಸುವ ಹೊಣೆ ನನ್ನ ಹೆಗಲಿಗೆ ಬಿದ್ದಿದೆ. ವಾಟ್ಸಾಪ್ ಜೋಕುಗಳನ್ನು ಒಂದು ನೋಟ್‌ಬುಕ್ ತುಂಬ ಬರೆದುಕೊಂಡಿದ್ದೇನೆ. ಯಾವ ಕ್ರಮದಲ್ಲಿ ಹೇಳಲಿ? ರಾಯರ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಸಾಧು ಮನುಷ್ಯರು. ಸಂಜೆಯಾದರೆ ಎಲ್ಲರ ತಲೆಯ ಮೇಲಿನ ಫ್ಯಾನ್ ಆಫ್ ಮಾಡುತ್ತಾ ಹೋಗುತ್ತಾರೆ. ಒಮ್ಮೆ ಆಡಿಟರ್ ಕುಳಿತಿದ್ದಾಗಲೂ ಮಾಡಿದ್ದರು, ಅಷ್ಟೇ.
– ಹೆಸರು ಬೇಡವೆಂದವರು, ಹಾಸನ

ಉತ್ತರ: ನೋಟ್‌ಬುಕ್ಕನ್ನು ಮನೆಯಲ್ಲೇ ಬಿಟ್ಟು ಹೋಗಿ. ಅದರಲ್ಲಿರುವುದನ್ನು ಸಭಿಕರು ನಿಮಗಿಂತ ಮೊದಲೇ ಓದಿ, ನಾಲ್ಕು ಜನರಿಗೆ ಕಳುಹಿಸಿಯೂ ಆಗಿದೆ. ನಿಮಗೆ ಬೇಕಾದ ಜೋಕು ಪತ್ರದ ಕೊನೆಯ ಸಾಲಿನಲ್ಲಿದೆ. ಅದನ್ನು ಬರೆದು "ಅಷ್ಟೇ" ಎಂದು ಬೇರೆ ಸೇರಿಸಿದ್ದೀರಲ್ಲ ಮಾರಾಯರೇ!

ಆದರೆ "ಆಡಿಟರ್ ಕುಳಿತಿದ್ದಾಗಲೂ ರಾಯರು ಫ್ಯಾನ್ ಆಫ್ ಮಾಡಿದ್ದರು" ಎಂದು ಹೇಳಿದರೆ ಯಾರೂ ನಗುವುದಿಲ್ಲ. ನಗು ಇರುವುದು ಆಡಿಟರ್ ಹತ್ತಿರ. ಅವರನ್ನು ಮೊದಲೇ ತೋರಿಸಿಬಿಟ್ಟ ಮೇಲೆ ಉಳಿಯುವುದು ಬರೀ ಸ್ವಿಚ್ಚು. ಕನ್ನಡದ ವಾಕ್ಯ ಕ್ರಿಯಾಪದಕ್ಕೆ ಬಂದು ಮುಗಿಯುವುದರಿಂದ ಈ ತೊಂದರೆ ನಮಗೆ ಸದಾ ಇದ್ದದ್ದೇ. ಹೀಗೆ ತಿರುಗಿಸಿ ನೋಡಿ: "ಐದೂವರೆ ಆಯಿತು. ರಾಯರು ಎದ್ದರು. ಒಂದು ಫ್ಯಾನ್ ನಿಂತಿತು. ಎರಡನೆಯದು ನಿಂತಿತು. ಮೂರನೆಯದೂ ನಿಂತಿತು. ಅದರ ಕೆಳಗೆ ಬೆವರು ಒರೆಸಿಕೊಳ್ಳುತ್ತಿದ್ದವರು..." ಇಲ್ಲಿ ತಡೆಯಿರಿ. ರಾಯರ ಕಡೆ ಒಮ್ಮೆ ನೋಡಿ. "...ಆಡಿಟರ್ ಸಾಹೇಬರು." ಅಲ್ಲಿಗೆ ಬಾಯಿ ಮುಚ್ಚಿ. "ಎಂಬುದು ಅವರಿಗೆ ಗೊತ್ತೇ ಇರಲಿಲ್ಲ" ಎಂದು ಬಾಲ ಅಂಟಿಸಿದಿರೋ, ಎದ್ದ ನಗುವನ್ನು ನೀವೇ ಅದುಮಿದಂತೆ. ನಗು ಇಳಿಯತೊಡಗಬೇಕು, ಪೂರ್ತಿ ಅಡಗಬಾರದು; ಮುಂದಿನ ಮಾತಿಗೆ ಅದೇ ಹೊತ್ತು.

ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ವನ್ನು ವರ್ಷಗಟ್ಟಲೆ ಆಡಿದರು. ನಾಟಕ ಹಳೆಯದೇ, ಆದರೆ ಅಂದಂದಿನ ರಾಜಕೀಯವನ್ನು ಮಾತಿನ ನಡುವೆ ತೂರಿಸುತ್ತಿದ್ದರು. ನಿಮಗೆ ರಾಜಕೀಯ ಬೇಡ, ಶಾಖೆಯ ಟೋಕನ್, ಲಂಚ್ ಡಬ್ಬಿ, ಹಗ್ಗ ಕಟ್ಟಿದ ಪೆನ್ನು ಸಾಕು. ರಾಯರಿಗೆ ತಪ್ಪಿದ ಬಡ್ತಿ, ಅವರ ಸಕ್ಕರೆ ಕಾಯಿಲೆ ಇವುಗಳ ಗೊಡವೆಗೆ ಹೋಗಬೇಡಿ. ಮನೆಯವರು ಮುಂದಿನ ಸಾಲಿನಲ್ಲೇ ಕುಳಿತಿರುತ್ತಾರೆ.

ಇನ್ನೊಂದು ಮಾತು. ನಿಮ್ಮ ಸರದಿ ವಂದನಾರ್ಪಣೆಗಿಂತ ಸಾಕಷ್ಟು ಮುಂಚೆ ಇರಲಿ ಎಂದು ಜಗಳವಾಡಿಯಾದರೂ ಕೇಳಿ ಪಡೆಯಿರಿ. ಬಿಸಿಬೇಳೆಬಾತಿನ ವಾಸನೆ ಸಭಾಂಗಣಕ್ಕೆ ಬಂದ ಮೇಲೆ ಬೀಚಿಯವರೇ ಎದ್ದು ನಿಂತರೂ ಕೇಳುವವರಿಲ್ಲ. ಹತ್ತು ನಿಮಿಷ ಕೊಟ್ಟಿದ್ದರೆ ಆರಕ್ಕೇ ಮುಗಿಸಿ.

ಪ್ರಶ್ನೆ: ಹಾಸ್ಯ ಸಂಜೆಗೆ ಹೋದರೆ ಹೆಂಡತಿಯ ಮೇಲಿನ ಜೋಕುಗಳದ್ದೇ ಸುರಿಮಳೆ. ನಗದಿದ್ದರೆ ಹಾಸ್ಯಪ್ರಜ್ಞೆ ಇಲ್ಲವೆನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಬರೆಯುವ ಶ್ರಮ ಬೇಡವೆನ್ನುವವರಿಗೆ ಹೆಂಡತಿ ಸಿದ್ಧ ಸರಕು. ಸಂಸಾರದಲ್ಲಿ ನಗುವಿಲ್ಲ ಎಂದಲ್ಲ. ಹಾಸ್ಯಸಾಹಿತಿ ರಾಶಿಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಹಾಸ್ಯಪತ್ರಿಕೆಯಲ್ಲಿ ಟಿ. ಸುನಂದಮ್ಮ ಮನೆವಾರ್ತೆಯಿಂದಲೇ ಹಾಸ್ಯ ತೆಗೆದರು, ಅದೂ ಹೆಣ್ಣಿನ ಕಣ್ಣಿನಿಂದ. ನೀವು ಮಾಡಬೇಕಾದದ್ದು ಇಷ್ಟೇ: ನಗಬೇಡಿ, ಪಕ್ಕದವರಿಗೂ ಹೇಳಿಡಿ. ಎರಡು ಸಾಲು ಜನ ಸುಮ್ಮನೆ ಕುಳಿತರೆ ಭಾಷಣಕಾರರು ಗಾಬರಿಯಾಗಿ ಅತ್ತೆಯ ಜೋಕಿಗೆ ಹಾರುತ್ತಾರೆ. ಅದಕ್ಕೂ ನಗಬೇಡಿ.