ದೇವರ ಮಕ್ಕಳು ಸರಿ, ಆದರೆ ದತ್ತು ಯಾಕೆ?

ದೇವರೇ ಎಲ್ಲರನ್ನೂ ಸೃಷ್ಟಿಸಿದ ಮೇಲೆ ಎಲ್ಲರೂ ಅವನ ಮಕ್ಕಳೇ, ಮತ್ತೆ ಕ್ರೈಸ್ತರು ‘ದೇವರು ನಮ್ಮನ್ನು ದತ್ತು ತೆಗೆದುಕೊಂಡ’ ಅನ್ನುವುದು ಯಾಕೆ, ದತ್ತು ಅಂದರೆ ಒಂದು ಮೆಟ್ಟಿಲು ಕೆಳಗೆ ಅಲ್ವಾ ಅಂತ ಕೇಳಿದ್ದೀರಿ. ಸಂಡೇ ಸ್ಕೂಲಿನಲ್ಲಿ ಇದನ್ನೇ ಕೇಳಿ ಬೈಸಿಕೊಂಡವನು ನಾನು.

ಈ ಮಾತು ಪೌಲನದು, ಮೊದಲ ಶತಮಾನದಲ್ಲಿ ಊರೂರಿನ ಕ್ರೈಸ್ತರಿಗೆ ಪತ್ರ ಬರೆದ ಪ್ರಚಾರಕ. ಗ್ರೀಕಿನಲ್ಲಿ ‘ಹುಯಿಯೊಥೆಸಿಯಾ’, ಅಂದರೆ ಮಗನ ಸ್ಥಾನದಲ್ಲಿ ಕೂರಿಸುವುದು. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಬರುವುದೇ ಐದು ಸಲ, ಐದೂ ಪೌಲನ ಹೆಸರಿನ ಪತ್ರಗಳಲ್ಲಿ.

ನಮಗೆ ದತ್ತು ಅಂದ ಕೂಡಲೇ ತೊಟ್ಟಿಲ ಕೂಸು ನೆನಪಾಗುತ್ತದೆ. ಅವನ ಓದುಗರಿಗೆ ಹಾಗಲ್ಲ. ರೋಮಿನ ದೊಡ್ಡ ಮನೆತನಗಳು ಹೆಸರು, ಆಸ್ತಿ ಮುಂದುವರಿಸಲು ಬೆಳೆದ ಗಂಡಸರನ್ನೇ ಜಾಸ್ತಿ ದತ್ತು ತೆಗೆದುಕೊಳ್ಳುತ್ತಿದ್ದವು. ಅಗಸ್ಟಸ್ ಚಕ್ರವರ್ತಿ ಜೂಲಿಯಸ್ ಸೀಸರನ ಉಯಿಲಿನಿಂದ ದತ್ತುಮಗನಾದವನು. ಆಮೇಲೆ ಅವನು ಕ್ರಿ.ಶ. 4ರಲ್ಲಿ ತಿಬೇರಿಯಸನನ್ನು ದತ್ತು ತೆಗೆದುಕೊಂಡಾಗ ಆ ‘ಮಗು’ವಿಗೆ 44 ವರ್ಷ! ಚಕ್ರವರ್ತಿ ಕ್ಲಾಡಿಯಸನಿಗಂತೂ ಹೆತ್ತ ಮಗ ಬ್ರಿಟಾನಿಕಸ್ ಇದ್ದ, ಆದರೂ ಕ್ರಿ.ಶ. 50ರಲ್ಲಿ ನೀರೋನನ್ನು ದತ್ತು ತೆಗೆದುಕೊಂಡ, ಕೊನೆಗೆ ಪಟ್ಟಕ್ಕೆ ಬಂದವನೂ ನೀರೋನೇ. (ಎಂಥ ಮಗನಾದ ಅನ್ನುವುದು ಬೇರೆ ಕಥೆ.) ಪೌಲ ರೋಮಿನವರಿಗೆ ಪತ್ರ ಬರೆದದ್ದು ಸುಮಾರು 57ರಲ್ಲಿ, ಇದೇ ನೀರೋ ಆಳುತ್ತಿದ್ದಾಗ. ಅಲ್ಲಿ ಯಾರದ್ದೋ ಮನೆಯಲ್ಲಿ ಕೂತು ಆ ಪತ್ರ ಕೇಳಿಸಿಕೊಂಡವರಿಗೆ, ಅವರಲ್ಲಿ ಗುಲಾಮರೂ ಇದ್ದಿರಬೇಕು, ದತ್ತುಮಗ ಅಂದರೆ ಕೆಳಗಿನವನು ಅಂತ ಹೇಗೆ ಅನಿಸೀತು?

ಇನ್ನು ಎಲ್ಲರೂ ಮಕ್ಕಳೇ ಅಲ್ವಾ ಅನ್ನುವುದು. ಸೃಷ್ಟಿಯ ಲೆಕ್ಕದಲ್ಲಿ ಹೌದು. ಅಥೆನ್ಸಿನಲ್ಲಿ ಪೌಲನೇ ಗ್ರೀಕ್ ಕವಿಯೊಬ್ಬನ ಸಾಲು ಹಿಡಿದು, ನಾವು ದೇವರ ಸಂತಾನ ಎಂದಿದ್ದಾನೆ. ಆದರೆ ದತ್ತಿನ ಮಾತು ಬಂದಾಗ ಅವನು ಹೇಳುವುದು ಹಕ್ಕಿನ ವಿಷಯ. ಗಲಾತ್ಯದವರಿಗೆ ಬರೆದ ಪತ್ರದ 4ನೇ ಅಧ್ಯಾಯ ನೋಡಿ: ನೀನು ಇನ್ನು ದಾಸನಲ್ಲ, ಮಗ, ಮಗನಾದ ಮೇಲೆ ಬಾಧ್ಯ, ಅಂದರೆ ಆಸ್ತಿಗೆ ಹಕ್ಕುದಾರ. ಯೇಸು ಸ್ವಭಾವದಿಂದಲೇ ಮಗ, ನಂಬಿದವರು ದತ್ತಿನಿಂದ ಮಕ್ಕಳು, ಆದರೂ ಆಸ್ತಿಗೆ ಕ್ರಿಸ್ತನ ಜೊತೆ ಬಾಧ್ಯರು. ‘ಮಗ’ ಅಂತಲೇ ಯಾಕೆ, ಹೆಣ್ಣುಮಕ್ಕಳು? ಅವತ್ತಿಗೆ ಪಾಲಿನಲ್ಲಿ ಮಗನದೇ ಮೇಲುಗೈ. ಆ ಸ್ಥಾನ ಹೆಂಗಸರಿಗೂ ಸಿಕ್ಕಿತು ಅಂತ ನಾನು ಓದಿಕೊಳ್ಳುತ್ತೇನೆ. ಗಂಡು ಹೆಣ್ಣು ಎಂಬ ಭೇದವಿಲ್ಲ ಅನ್ನುವ ಮಾತು ಅದೇ ಪತ್ರದಲ್ಲಿ, ಸ್ವಲ್ಪ ಹಿಂದೆಯೇ ಇದೆ.

ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ರೋಮಿನವರಿಗೆ ಬರೆದ ಆ ಪತ್ರದ 8:15ರಲ್ಲಿ (8ನೇ ಅಧ್ಯಾಯ, 15ನೇ ವಚನ) ದತ್ತು ಆಗಿಹೋಗಿದೆ, 8:23ರಲ್ಲಿ ಅದಕ್ಕಾಗಿ ಇನ್ನೂ ನರಳುತ್ತಾ ಕಾಯುತ್ತಿದ್ದೇವೆ. ದತ್ತುಪತ್ರಕ್ಕೆ ಸಹಿ ಬಿದ್ದಿದೆ, ಮನೆಯ ಬೀಗದ ಕೈ ಬಂದಿಲ್ಲ ಅಂದುಕೊಳ್ಳಿ.

ಆ 8:15ರಲ್ಲೇ ‘ಅಬ್ಬಾ’ ಎಂಬ ಅರಮಾಯಿಕ್ ಮಾತು ಬರುವುದು. ನಮ್ಮ ಕನ್ನಡ ಬೈಬಲ್ ಆದ ಸತ್ಯವೇದದಲ್ಲಿ ಅದು ‘ಅಪ್ಪಾ, ತಂದೆಯೇ’. ನಮ್ಮ ಅಜ್ಜಿಗೆ ಓದು ಬರುತ್ತಿರಲಿಲ್ಲ, ದತ್ತಿನ ಸಿದ್ಧಾಂತವಂತೂ ಗೊತ್ತೇ ಇರಲಿಲ್ಲ. ರಾತ್ರಿ ದೀಪ ಸಣ್ಣ ಮಾಡಿ ಪ್ರಾರ್ಥನೆಗೆ ಕೂತರೆ ಶುರುವಾಗುತ್ತಿದ್ದದ್ದು ಹೀಗೆ: “ಅಪ್ಪಾ, ಹಸು ಇವತ್ತೂ ಮೇವು ಮುಟ್ಟಿಲ್ಲ. ನಿನ್ನೆನೂ ಹೇಳಿದ್ದೆ.”