ಪ್ರತಿಕ್ರಿಯೆ: ಅಂಚುಪಟ್ಟಿಗೂ ಕಾರ್ಡಿಗೂ ಒಂದೇ ಬಣ್ಣ ಸಿಗುತ್ತದೆಯೇ?

ಫ್ರೇಮ್‌ವರ್ಕ್ 13 ಲ್ಯಾಪ್‌ಟಾಪಿನ ಪರದೆಯ ಸುತ್ತಲಿನ ತಿಳಿ ನೇರಳೆ ಪಟ್ಟಿಗೆ ಹೊಂದುವ ಎಕ್ಸ್‌ಪ್ಯಾನ್ಶನ್ ಕಾರ್ಡ್ (ಬದಿಯ ಗೂಡಿನಲ್ಲಿ ಕೂರಿಸುವ, ಯುಎಸ್‌ಬಿಯಂಥ ಪೋರ್ಟ್ ಇರುವ ಚಿಕ್ಕ ತುಂಡು) ಕೇಳಿದ್ದೀರಿ. ಬಣ್ಣದ ಹೆಸರು ಒಂದೇ ಎಂದು ನಂಬಿ ತರಿಸಬೇಡಿ. ಪಟ್ಟಿ ಪ್ಲಾಸ್ಟಿಕ್, ಬಣ್ಣದ ಕಾರ್ಡು ಅಲ್ಯೂಮಿನಿಯಂ. ಪ್ಲಾಸ್ಟಿಕ್‌ನಲ್ಲಿ ಬಣ್ಣ ಒಳಗೇ ಬೆರೆತಿರುತ್ತದೆ. ಆನೋಡೈಸ್ ಮಾಡಿದ (ವಿದ್ಯುತ್ ಹಾಯಿಸಿ ಮೇಲೆ ಆಕ್ಸೈಡ್ ಪದರ ಬೆಳೆಸಿದ) ಅಲ್ಯೂಮಿನಿಯಂನಲ್ಲಿ ಮೇಲ್ಪದರ ಮಾತ್ರ ಬಣ್ಣ ಹೀರಿರುತ್ತದೆ, ಕೆಳಗಿನ ಲೋಹದ ಹೊಳಪು ಇಣುಕುತ್ತದೆ. ಟ್ಯೂಬ್‌ಲೈಟಿನಲ್ಲಿ ಒಂದೇ ಎನಿಸಿದ್ದು ಬಿಸಿಲಿನಲ್ಲಿ ಬೇರೆಯಾಗಬಹುದು. ದಾವಣಗೆರೆಯ ಜವಳಿ ಅಂಗಡಿಯಲ್ಲಿ ರವಿಕೆ ಬಟ್ಟೆಯನ್ನು ಸೀರೆಯ ಜೊತೆ ಹೊರಗೆ ಒಯ್ದು ನೋಡುವುದಿಲ್ಲವೇ, ಹಾಗೆ ಹಗಲು ಬೆಳಕಿನಲ್ಲೇ ಹೋಲಿಸಿ.

ನನ್ನನ್ನು ಕೇಳಿದರೆ, ಕಾರ್ಡನ್ನು ಬೆಳ್ಳಿ ಬಣ್ಣದಲ್ಲೇ ಬಿಡಿ. ಕೂರಿಸಿದ ಮೇಲೆ ಬದಿಯಲ್ಲಿ ಅದರ ಅಂಚಷ್ಟೇ ಕಾಣುತ್ತದೆ. ದಿನವಿಡೀ ಕಣ್ಣೆದುರು ಇರುವುದು ಪಟ್ಟಿ. ಅದು ಅಯಸ್ಕಾಂತದಿಂದ ಅಂಟುವುದರಿಂದ ಬೇಸರವಾದಾಗ ಕಳಚಿ ಬೇರೆ ಹಾಕಬಹುದು. ಅರೆಬರೆ ಹೊಂದಾಣಿಕೆಗಿಂತ ಎದ್ದು ಕಾಣುವ ವ್ಯತ್ಯಾಸವೇ ಚೆಂದ.