ಹೊಳೆ ಬಂದರೆ ಮೂರು ದಿನಕ್ಕೆ ಆಗುವಷ್ಟು ಊಟವನ್ನು ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಕಟ್ಟಿಡುವುದು ಹೇಗೆ?

ಅಫಜಲಪುರ ತಾಲ್ಲೂಕಿನ ನದಿ ದಂಡೆಯ ಊರು, ಮನೆಯಲ್ಲಿ ಐದು ಜನ, ಅತ್ತೆಗೆ ಹಲ್ಲಿಲ್ಲ, ಅಂಗಡಿಯ ಸಿದ್ಧ ಪೊಟ್ಟಣಗಳನ್ನು ಕೊಳ್ಳುವಷ್ಟು ದುಡ್ಡಿಲ್ಲ ಎಂದು ಬರೆದಿದ್ದೀರಿ. ನಾನು ಜೇವರ್ಗಿ ಕಡೆಯ ಭೀಮಾ ತೀರದವಳು. ಅಕ್ಕಾ, ಆ ಪೊಟ್ಟಣಗಳು ನಿಮಗೆ ಬೇಕಾಗಿಯೇ ಇಲ್ಲ. ನಮ್ಮ ಅಡುಗೆಮನೆಯಲ್ಲಿರುವ ತಿನಿಸುಗಳೇ ಸಾಕು. ಆದರೆ ಗಂಟಿನಲ್ಲಿ ಕಟ್ಟುವ ಪ್ರತಿಯೊಂದೂ ಒಲೆ ಹಚ್ಚದೆ ತಿನ್ನುವಂತಿರಬೇಕು.

ಎಷ್ಟೋ ಮನೆಗಳಲ್ಲಿ ಅಕ್ಕಿ, ತೊಗರಿ ಬೇಳೆಯನ್ನು ಚೀಲಕ್ಕೆ ತುಂಬಿ ಎಲ್ಲ ಸಿದ್ಧವಾಯಿತು ಎಂದುಕೊಳ್ಳುತ್ತಾರೆ. ಶಾಲೆಯ ಜಗುಲಿಯ ಮೇಲೆ, ಕಟ್ಟಿಗೆ ತೊಯ್ದು, ಸಿಲಿಂಡರ್ ಮನೆಯಲ್ಲೇ ಉಳಿದಾಗ ಆ ಬೇಳೆಯನ್ನು ಏನು ಮಾಡುವುದು? ಕುದಿಸಲು ಬೆಂಕಿಯ ಜೊತೆಗೆ ಒಳ್ಳೆಯ ನೀರನ್ನೂ ಖರ್ಚು ಮಾಡಬೇಕು. ಸರ್ಕಾರ ತೆರೆಯುವ ಕಾಳಜಿ ಕೇಂದ್ರದಲ್ಲಿ ಊಟ ಶುರುವಾಗುವವರೆಗಿನ ಹೊತ್ತನ್ನು ದಾಟಿಸುವುದಕ್ಕೇ ಈ ಗಂಟು ಇರುವುದು.

ಮೊದಲು ಕಡಕ್ ರೊಟ್ಟಿ. ಒಬ್ಬರಿಗೆ ದಿನಕ್ಕೆ ನಾಲ್ಕು ಎಂದರೆ ಐದು ಜನಕ್ಕೆ ಮೂರು ದಿನಕ್ಕೆ ಅರವತ್ತು ರೊಟ್ಟಿ. ತೆಳುವಾಗಿ ಬಡಿದರೆ ಮೂರರಿಂದ ನಾಲ್ಕು ಕಿಲೋ ಜೋಳದ ಹಿಟ್ಟು ಸಾಕು. ನೀರಿನ ಪಸೆ ಎಲ್ಲೂ ಉಳಿಯದಂತೆ ಸುಟ್ಟು, ಪೂರ್ತಿ ಆರಿಸಿ, ಆಮೇಲೆ ಡಬ್ಬಿಗೆ ಹಾಕಬೇಕು. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ರುಚಿ ನಿಜ, ಆದರೆ ಸಜ್ಜೆ ಹಿಟ್ಟು ಬೇಗ ಕಹಿಯಾಗುತ್ತದೆ. ಬಹಳ ದಿನ ಇಡುವುದಕ್ಕೆ ಜೋಳವೇ ಒಳ್ಳೆಯದು.

ರೊಟ್ಟಿಯ ಜೊತೆಗೆ ಪುಟಾಣಿ (ಹುರಿಗಡಲೆ) ಚಟ್ನಿ ಅಥವಾ ಶೇಂಗಾ ಹಿಂಡಿ, ಅಂದರೆ ಒಣ ಚಟ್ನಿ ಪುಡಿ. ಇಲ್ಲಿ ನನ್ನದೊಂದು ಹಟವಿದೆ: ಗಂಟಿಗೆ ಕಟ್ಟುವ ಹಿಂಡಿಯಲ್ಲಿ ಖಾರ, ಉಪ್ಪು ಎರಡೂ ದಿನದ ಅಳತೆಯ ಅರ್ಧದಷ್ಟೇ ಇರಲಿ. ಖಾರ ತಿಂದರೆ ನೀರು ಹೆಚ್ಚು ಬೇಕು, ಹೊಳೆ ಬಂದಾಗ ನಮ್ಮಲ್ಲಿ ಕಡಿಮೆ ಇರುವುದೇ ಕುಡಿಯುವ ನೀರು. ಅಗಸೆ ಹಿಂಡಿ ಬೇಡ. ಅಗಸೆಯನ್ನು ಕುಟ್ಟಿಟ್ಟರೆ ಅದರ ಎಣ್ಣೆ ಬೇಗ ಕಮಟುತ್ತದೆ. ಶೇಂಗಾದಲ್ಲಿಯೂ ಬೂಷ್ಟು ಹಿಡಿದ, ಸುಕ್ಕುಗಟ್ಟಿದ ಕಾಳುಗಳನ್ನು ಆರಿಸಿ ಎಸೆಯಿರಿ. ಆ ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಇನ್ನು ಒಂದು ಕಿಲೋ ಪುಟಾಣಿ, ಒಂದು ಕಿಲೋ ಹುರಿದ ಶೇಂಗಾ, ಒಂದು ಕಿಲೋ ಬೆಲ್ಲ, ಒಂದು ದೊಡ್ಡ ಚೀಲ ಚುರುಮುರಿ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 570 ಕ್ಯಾಲೊರಿ ಶಕ್ತಿಯಿದೆ. ಒಂದು ಹಿಡಿ ಶೇಂಗಾ, ಒಂದು ತುಂಡು ಬೆಲ್ಲ ತಿಂದ ಮಗು ಹಸಿವೆಂದು ಅಳುವುದಿಲ್ಲ. ತೀರಾ ಸಣ್ಣ ಮಕ್ಕಳಿಗೆ ಮಾತ್ರ ಇಡೀ ಕಾಳು ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆರು ತಿಂಗಳೊಳಗಿನ ಕೂಸಿಗೆ ತಾಯಿಯ ಹಾಲೇ ಸಾಕು, ಆದ್ದರಿಂದ ತಾಯಿಯ ಪಾಲಿನ ತಿನಿಸು, ನೀರು ಎರಡನ್ನೂ ಹೆಚ್ಚಿಗೆ ಕಟ್ಟಿ.

ನಿಮ್ಮ ಅತ್ತೆಗೆ ಹುರಿಹಿಟ್ಟು. ಪಂಚಮಿಗೆ ಮಾಡುವ ಅಳ್ಳಿಟ್ಟನ್ನೇ ನೆನಪಿಸಿಕೊಳ್ಳಿ. ಜೋಳ, ಕಡಲೆ, ಗೋಧಿಗಳನ್ನು ಬೇರೆ ಬೇರೆಯಾಗಿ ಚೆನ್ನಾಗಿ ಹುರಿದು ಬೀಸಿಟ್ಟರೆ ಕುದಿಸಬೇಕಾಗಿಲ್ಲ. ತಣ್ಣೀರಿನಲ್ಲಿ ಬೆಲ್ಲದ ಜೊತೆ ಕಲಸಿ ತಿನ್ನಬಹುದು. ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲ ಬಿಟ್ಟು ಚಿಟಿಕೆ ಉಪ್ಪು ಹಾಕಿದರಾಯಿತು. ಅವರ ಮಾತ್ರೆಗಳನ್ನೂ ಒಂದು ವಾರಕ್ಕೆ ಆಗುವಷ್ಟು ಅದೇ ಡಬ್ಬಿಯಲ್ಲಿಡಿ.

ನಮ್ಮ ಕಿರಾಣಿ ಅಂಗಡಿಯ ದರದಲ್ಲಿ ಇದಿಷ್ಟೂ ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ. ಮನೆಯಲ್ಲಿ ಬೆಳೆದ ಜೋಳವಿದ್ದರೆ ಇನ್ನೂ ಕಡಿಮೆ. ಒಮ್ಮೆಗೇ ಕೊಳ್ಳಬೇಕೆಂದೂ ಇಲ್ಲ. ಪ್ರತಿ ಸಂತೆಗೆ ಒಂದೊಂದು ಸಾಮಾನು ತಂದರೆ ಒಂದೂವರೆ ತಿಂಗಳಲ್ಲಿ ಗಂಟು ತುಂಬುತ್ತದೆ.

ನೀರಿನ ಮಾತು ಊಟದ ಮಾತಿಗಿಂತ ದೊಡ್ಡದು. ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಎಂದರೂ ಐದು ಜನಕ್ಕೆ ಮೂರು ದಿನಕ್ಕೆ ನಲವತ್ತೈದು ಲೀಟರ್ ಆಗುತ್ತದೆ; ಅಷ್ಟನ್ನು ಹೊತ್ತು ಓಡಲಾಗದು. ತಂಪು ಪಾನೀಯದ ಎರಡು ಲೀಟರ್ ಬಾಟಲಿಗಳನ್ನು ತೊಳೆದು, ಕಾಸಿ ಆರಿಸಿದ ನೀರು ತುಂಬಿ, ಪ್ರತಿಯೊಬ್ಬರ ಕೈಗೆ ಒಂದೊಂದು ಕೊಡಿ. ಉಳಿದದ್ದಕ್ಕೆ ಕ್ಲೋರಿನ್ ಮಾತ್ರೆ ಇರಲಿ. ಮಳೆಗಾಲಕ್ಕೆ ಮೊದಲೇ ಆಶಾ ಕಾರ್ಯಕರ್ತೆಯನ್ನು ಕೇಳಿ ಮಾತ್ರೆಗಳನ್ನೂ ಓಆರ್‌ಎಸ್ ಪೊಟ್ಟಣಗಳನ್ನೂ ಪಡೆದಿಟ್ಟುಕೊಳ್ಳಿ. ರಾಡಿ ನೀರನ್ನು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿದ ಮೇಲೆಯೇ ಮಾತ್ರೆ ಹಾಕಿ, ಪೊಟ್ಟಣದ ಮೇಲೆ ಬರೆದಷ್ಟು ಹೊತ್ತು ಬಿಡಬೇಕು. ಓಆರ್‌ಎಸ್ ಮುಗಿದು ಯಾರಿಗಾದರೂ ಭೇದಿಯಾದರೆ, ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಕಲಸಿ ಕುಡಿಸಿ; ಚಮಚ ಸಮತಟ್ಟಾಗಿರಲಿ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ.

ಹತ್ತಿಗೆ, ತೊಗರಿಗೆ ಹೊಡೆಯುವ ಔಷಧದ ಕ್ಯಾನುಗಳಲ್ಲಿ, ಎಷ್ಟೇ ತೊಳೆದಿದ್ದರೂ, ದಯವಿಟ್ಟು ನೀರು ತುಂಬಬೇಡಿ. ನಮ್ಮ ಊರುಗಳಲ್ಲಿ ಈ ರೂಢಿ ಇನ್ನೂ ಇದೆ. ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ವಿಷ ತೊಳೆದರೆ ಹೋಗುವಂಥದ್ದಲ್ಲ.

ಯಾವಾಗ ಕಟ್ಟಬೇಕು ಎಂದೂ ಕೇಳಿದ್ದೀರಿ. ಮೃಗಶಿರಾ ಮಳೆಗೆ ಮೊದಲು ಒಮ್ಮೆ, ಪಂಚಮಿಗೆ ಒಮ್ಮೆ, ಮಹಾನವಮಿಗೆ ಹದಿನೈದು ದಿನ ಮುಂಚೆ ಮತ್ತೊಮ್ಮೆ. ಶ್ರಾವಣ ಮುಗಿದರೆ ಭಯ ಮುಗಿಯಿತು ಎನ್ನುವಂತಿಲ್ಲ: 2020ರಲ್ಲಿ ಭೀಮೆ ಉಕ್ಕಿದ್ದು ಅಕ್ಟೋಬರ್ ಮಧ್ಯದಲ್ಲಿ, 2025ರಲ್ಲಿ ಸೆಪ್ಟೆಂಬರ್ ಕೊನೆಯ ವಾರದಲ್ಲಿ. ನಮ್ಮ ತಲೆಯ ಮೇಲೆ ಮೋಡವಿಲ್ಲದಿದ್ದರೂ ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ಆ ನೀರು ನಿಮ್ಮ ತಾಲ್ಲೂಕಿನ ಸೊನ್ನ ಬ್ಯಾರೇಜ್ ತಲುಪುವ ಮೊದಲೇ ಸುದ್ದಿ ಬಂದಿರುತ್ತದೆ, ಗಂಟು ಸಿದ್ಧವಿದ್ದರೆ ಆ ಹೊತ್ತನ್ನು ದನಕರುಗಳನ್ನು ದಿಬ್ಬಕ್ಕೆ ಹೊಡೆಯಲು ಬಳಸಬಹುದು.

ಹೊಸದು ಕಟ್ಟುವಾಗ ಹಳೆಯದನ್ನು ಎಸೆಯಬೇಕಾಗಿಲ್ಲ. ಹೊಲಕ್ಕೆ ಬುತ್ತಿ ಕಟ್ಟಿ, ಚುರುಮುರಿಯಿಂದ ಸುಸಲಾ ಮಾಡಿ, ಶೇಂಗಾ ಬೆಲ್ಲ ಕುಟ್ಟಿ ಉಂಡಿ ಕಟ್ಟಿ. ಹೊಳೆಯ ನೀರು ತಾಗಿದ ರೊಟ್ಟಿ, ಹಿಟ್ಟು, ಚುರುಮುರಿಯನ್ನು ಮಾತ್ರ ಒಣಗಿಸಿ ತಿನ್ನಲು ಹೋಗಬೇಡಿ, ದನಕ್ಕೂ ಹಾಕಬೇಡಿ.

ಎಲ್ಲವನ್ನೂ ಒಂದೇ ದೊಡ್ಡ ಡಬ್ಬಿಯಲ್ಲಿ ಇಡದೆ ಎರಡು ಪಾಲು ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ, ಬಾಗಿಲಿನ ಹತ್ತಿರದ ಎತ್ತರದ ಗೂಡಿನಲ್ಲಿಡಿ. ಒಂದನ್ನು ನೀವು ಹೊರಬೇಕು, ಇನ್ನೊಂದನ್ನು ಯಾರು ಹೊರಬೇಕು ಎಂಬುದನ್ನು ಈಗಲೇ ಗೊತ್ತುಮಾಡಿ ಮಕ್ಕಳಿಗೂ ಹೇಳಿಡಿ.